ಚಿನ್ನು, ರೂಮಿನ ಚಿಲಕ ತೆಗೆದಿಡು

ಪ್ರೀತಿಯ ಚಿನ್ನು, ಕರ್ತನ ನಾಮದಲ್ಲಿ ಅತ್ತೆಯ ವಂದನೆ.

ನಿನ್ನೆ ರಾತ್ರಿ ಫೋನ್ ಮಾಡಿ "ಅತ್ತೆ ಇನ್ನೆರಡು ದಿನ ಬಿಟ್ಟು ಕುಡಿಯೋದು ಪೂರ್ತಿ ನಿಲ್ಲಿಸ್ತೀನಿ, ಪಿಜಿ ರೂಮಲ್ಲಿ ಚಿಲಕ ಹಾಕ್ಕೊಂಡು ಮೂರು ದಿನ ಉಪವಾಸ ಪ್ರಾರ್ಥನೆ, ಯಾರಿಗೂ ಹೇಳ್ಬೇಡಿ" ಅಂದೆಯಲ್ಲ, ನಿದ್ದೆಗಣ್ಣಲ್ಲಿ ಹೂಂ ಅಂದ್ಬಿಟ್ಟೆ. ಬೆಳಿಗ್ಗೆ ಎದ್ದು ಯೋಚಿಸಿದ್ರೆ ಕೈಕಾಲು ತಣ್ಣಗಾಯ್ತು ಕಣೋ. ಬಿಡೋದು ಬೇಡ ಅಂತಲ್ಲ, ಒಬ್ಬನೇ ಬಾಗಿಲು ಹಾಕ್ಕೊಂಡು ಬಿಡೋದು ಬೇಡ.

ಎದ್ದ ತಕ್ಷಣ ಕೈ ನಡುಗುತ್ತೆ, ಒಂದು ತೊಂಬತ್ತು ಒಳಗೆ ಹೋದ್ಮೇಲೇ ನಿಲ್ಲೋದು ಅಂತ ನೀನೇ ಹೇಳಿದೀಯ. ಅಂಥವರು ಒಮ್ಮೆಲೇ ನಿಲ್ಲಿಸಿದ್ರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಪ್ರಾಣಕ್ಕೇ ಅಪಾಯ. ನಿಮ್ಮ ಮಾವ ಮೊದಲ ಸಲ ಬಿಟ್ಟಾಗ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ರಾತ್ರಿಯಿಡೀ ಪಂಚೆ ತುದಿಯಿಂದ ಒರೆಸ್ತಾನೇ ಇದ್ರು, ಒಂದು ಇರುವೆನೂ ಇರ್ಲಿಲ್ಲ. ನಾನು ದೆವ್ವ ಅಂದ್ಕೊಂಡು ಅವರ ತಲೆ ಮೇಲೆ ಸತ್ಯವೇದ ಇಟ್ಟು ಕೂತಿದ್ದೆ. ಆಸ್ಪತ್ರೇಲಿ ವಿಟಮಿನ್ ಬಿ1 ಇಂಜೆಕ್ಷನ್ನು, ಮಾತ್ರೆ ಕೊಟ್ಟು ಮಲಗಿಸಿದ್ರು. ಸುವಾರ್ತೆ ಬರೆದ ಲೂಕನೇ ವೈದ್ಯ, ಆ ಬುದ್ಧಿ ನನಗೆ ಆವತ್ತು ಹೊಳೀಲಿಲ್ಲ.

ಮತ್ತೆ ಶುರು ಮಾಡ್ಕೊಂಡ್ರು. ಈಗ ಹೇಳೋದು ನಿಮ್ಮಪ್ಪನಿಗೂ ಗೊತ್ತಿಲ್ಲ. ಯಾರೋ ಹೇಳಿದ್ರು ಅಂತ ಕುಡಿತ ಬಿಡಿಸೋ ಮಾತ್ರೆ ಪುಡಿ ಮಾಡಿ, ಅವರಿಗೆ ಗೊತ್ತಾಗ್ದಂಗೆ ಸಾರಿಗೆ ಹಾಕ್ತಿದ್ದೆ. ಆ ಮಾತ್ರೆ ಮೈಯಲ್ಲಿರುವಾಗ ಕುಡಿದ್ರೆ ಹೆಂಡ ಪೂರ್ತಿ ಕರಗದೆ ಅರ್ಧದಲ್ಲೇ ವಿಷವಾಗಿ ನಿಲ್ಲುತ್ತಂತೆ. ಒಂದು ಭಾನುವಾರ ಆರಾಧನೆ ಮುಗಿಸಿ ಬಂದೆ, ಮುಖ ಕೆಂಡದ ಹಾಗೆ, ವಾಂತಿ, ಬಿಪಿ ಬಿದ್ದು ಹಿತ್ತಲಲ್ಲಿ ಕುಸಿದಿದ್ರು. ಅವರು ಟೆಟ್ರಾ ಪ್ಯಾಕ್ ಬಚ್ಚಿಡ್ತಿದ್ದದ್ದು ಅಕ್ಕಿ ಡ್ರಮ್ಮೊಳಗೆ, ನಾನು ಮಾತ್ರೆ ಬಚ್ಚಿಡ್ತಿದ್ದದ್ದು ಅದೇ ಡ್ರಮ್ಮಿನ ಹಿಂದೆ, ಹೆಂಗಿತ್ತು ನೋಡು ಸಂಸಾರ.

ಯಾಕೋಬ 5:16 ಓದು. ತಪ್ಪನ್ನ ಒಬ್ಬರಿಗೊಬ್ಬರು ಹೇಳ್ಕೊಳ್ಳಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ, ಆಗ ವಾಸಿಯಾಗ್ತೀರಿ ಅನ್ನೋ ಅರ್ಥದ ಮಾತು, ಒಬ್ಬನೇ ರೂಮಲ್ಲಿ ಕೂತು ಅಂತ ಅಲ್ಲಿಲ್ಲ. ಆಸ್ಪತ್ರೆ ಮಂಚದ ಪಕ್ಕ ಸಾರಿನ ವಿಷ್ಯ ನಾನು ಹೇಳಿದೆ, ನನ್ನ ಸರ ಅಡ ಇಟ್ಟಿದ್ದು ಅವರು ಹೇಳಿದ್ರು. ಕುಡಿತ ಆವತ್ತೇ ನಿಲ್ಲಲಿಲ್ಲ, ಸುಳ್ಳು ನಿಂತಿತು.

ಆಮೇಲೆ ಎಎ ಮೀಟಿಂಗ್, ಅಂದ್ರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಟ್ಟಿಗೆ ಕೂತು ಮಾತಾಡೋ ಕೂಟ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ರಿಂದ ಹುಟ್ಟಿದ್ದಂತೆ ಅದು. ಫೀಸಿಲ್ಲ, ಇವತ್ತೊಂದು ದಿನ ಕುಡಿಯಲ್ಲ ಅಷ್ಟೇ ಲೆಕ್ಕ. ಮಾವ ಎರಡು ಸಲ ಜಾರಿದ್ರು, ಎರಡು ಸಲವೂ ಆವತ್ತು ರಾತ್ರಿನೇ ಹೇಳಿದ್ರು, ನಾನು ಬೈದೆ, ಬೈದು ಊಟ ಬಡಿಸಿದೆ. ಚರ್ಚಲ್ಲಿ ಕರ್ತನ ಭೋಜನದ ದಿನ ದ್ರಾಕ್ಷಾರಸದ ಪಾತ್ರೆಯ ವಾಸನೆಗೇ ಹೆದರಿ ಹಿಂದಿನ ಬೆಂಚಲ್ಲಿ ಕೂರ್ತಿದ್ರು, ಅಯ್ಯನೋರಿಗೆ ಹೇಳ್ಕೊಂಡ್ಮೇಲೆ "ರೊಟ್ಟಿ ಒಂದೇ ತಗೊಳ್ಳಿ, ಸಾಕು" ಅಂದ್ರು. ಈಗಲೂ ಹಾಗೇ.

ಮಾವ ನಾಳೆ ಮೈಸೂರಿಂದ ಮೊದಲ ಟ್ರೈನಿಗೇ ಹೊರಡ್ತಾರೆ, ನಿಮ್ಹಾನ್ಸ್‌ಗೆ ಇಬ್ಬರೂ ಹೋಗಿ. ಡಾಕ್ಟರ್ ನೋಡೋವರೆಗೆ ಹಠ ಮಾಡಿ ಒಮ್ಮೆಲೇ ನಿಲ್ಲಿಸ್ಬೇಡ, ಈ ಮಾತು ಅತ್ತೆ ಬಾಯಲ್ಲಾ ಅಂತ ನಗ್ಬೇಡ. ರಾತ್ರಿ ಮನಸ್ಸು ಕೆಟ್ಟರೆ ನನಗೆ ಮಾಡು, ನಾನು ಎತ್ತದಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಗೆ ಮಾಡು, ಕನ್ನಡದಲ್ಲೇ ಮಾತಾಡ್ತಾರೆ. ಅಮ್ಮನಿಗೆ ನಾನು ಹೇಳಲ್ಲ, ಅದು ನಿನ್ನ ಕೆಲಸ.

ಮಾವನ ಕೈಲಿ ಚಪಾತಿ ಪಲ್ಯ ಕಳಿಸ್ತಿದೀನಿ. ಏನೂ ಬೆರೆಸಿಲ್ಲ, ಹೆದರ್ದೆ ತಿನ್ನು.

ನಿನ್ನ ಅತ್ತೆ