ಕೆಆರ್ 200: ರಿವರ್ಸ್ ಗೇರ್ ಇಲ್ಲ, ಆದರೆ ರಿವರ್ಸ್ ಇದೆ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಮೆಸರ್‌ಸ್ಮಿಟ್ ಕೆಆರ್ 200 ಎಂಬ ಮೂರು ಚಕ್ರದ ಪುಟ್ಟ ಕಾರಿನ ಚಿತ್ರ ಬಂದಿತ್ತು. ಚಿತ್ರ ಸೊಗಸಾಗಿತ್ತು, ಅದರ ಕೆಳಗಿನ ಎರಡು ಸಾಲಿನಲ್ಲಿ ಎರಡು ತಪ್ಪಿದ್ದವು. ‘ಯುದ್ಧದಲ್ಲಿ ಮಿಕ್ಕ ವಿಮಾನದ ಬಿಡಿಭಾಗಗಳಿಂದ ಮಾಡಿದ್ದು’ ಎಂಬುದು ಒಂದು, ‘ಹಿಂದಕ್ಕೆ ಹೋಗಲಾರದು’ ಎಂಬುದು ಇನ್ನೊಂದು. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯದನ್ನು ನಂಬಿ ಕಾರಿನ ಅತಿ ಮುಖ್ಯ ಭಾಗವನ್ನೇ ಕಿತ್ತು ಗುಜರಿಗೆ ಹಾಕುವವರಿದ್ದಾರೆ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ವಿಮಾನದ ಕಥೆ ಹುಟ್ಟಿದ್ದು ಕಾರಿನ ಮೇಲಿನ ಪಾರದರ್ಶಕ ಗುಮ್ಮಟವನ್ನೂ ಒಬ್ಬರ ಹಿಂದೊಬ್ಬರು ಕೂರುವ ಸೀಟುಗಳನ್ನೂ ಕಂಡು. ವಿನ್ಯಾಸ ಜರ್ಮನ್ ಎಂಜಿನಿಯರ್ ಫ್ರಿಟ್ಸ್ ಫೆಂಡ್ ಅವರದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಂಗವಿಕಲರಿಗಾಗಿ ಅವರು ಕಟ್ಟಿದ ಸಣ್ಣ ಗಾಡಿಯೇ ಬೆಳೆಯುತ್ತಾ ಹೋಗಿ 1953ರಲ್ಲಿ ಕೆಆರ್ 175, 1955ರಲ್ಲಿ ಕೆಆರ್ 200 ಆಯಿತು. ಯುದ್ಧಕಾಲದಲ್ಲಿ ವಿಮಾನ ತಯಾರಿಸುತ್ತಿದ್ದ ಮೆಸರ್‌ಸ್ಮಿಟ್ ಕಂಪನಿಗೆ ಆಗ ಅವನ್ನು ತಯಾರಿಸಲು ಅನುಮತಿ ಇರಲಿಲ್ಲ, ಜರ್ಮನಿಯ ರೇಗೆನ್ಸ್‌ಬುರ್ಗ್ ಕಾರ್ಖಾನೆಗೆ ಕೆಲಸ ಬೇಕಿತ್ತು. ಅನುಮತಿ ಮರಳಿದ ಮೇಲೆ ಕಂಪನಿ ಕಾರಿನಿಂದ ಕೈ ತೊಳೆದುಕೊಂಡಿತು. 1957ರಿಂದ 1964ರವರೆಗೆ ಇದನ್ನು ತಯಾರಿಸಿದ್ದು ಫೆಂಡ್ ಪಾಲುದಾರರಾಗಿದ್ದ ಎಫ್‌ಎಂಆರ್ ಸಂಸ್ಥೆ. ಗುಮ್ಮಟ ಈ ಕಾರಿಗೆಂದೇ ಮಾಡಿದ್ದು, ಯಾವ ಯುದ್ಧವಿಮಾನದ ಮೇಲಿಂದಲೂ ಇಳಿಸಿದ್ದಲ್ಲ.

ಇನ್ನು ರಿವರ್ಸ್. ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರ್ ಇಲ್ಲ ಎಂಬುದು ನಿಜ. ಇರುವುದು ಮುಂದಕ್ಕೆ ನಾಲ್ಕು ಗೇರು. ಆದರೆ ಸಾಕ್ಸ್ ಕಂಪನಿಯ 191 ಸಿ.ಸಿ. ಒಂಟಿ ಸಿಲಿಂಡರ್ ಟು-ಸ್ಟ್ರೋಕ್ ಎಂಜಿನ್ನೇ ಉಲ್ಟಾ ತಿರುಗುತ್ತದೆ. ಈ ಬಗೆಯ ಟು-ಸ್ಟ್ರೋಕಿನಲ್ಲಿ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟುಗಳನ್ನು, ಅಂದರೆ ಕಿಂಡಿಗಳನ್ನು, ತೆರೆದು ಮುಚ್ಚುವುದು ಪಿಸ್ಟನ್ನೇ. ಇಳಿಯುವಾಗ ಎಷ್ಟು ಡಿಗ್ರಿಗೆ ತೆರೆಯಿತೋ ಏರುವಾಗ ಅಷ್ಟೇ ಡಿಗ್ರಿಗೆ ಮುಚ್ಚುತ್ತದೆ. ಹಾಗಾಗಿ ಯಾವ ದಿಕ್ಕಿಗೆ ತಿರುಗಿದರೂ ಅದಕ್ಕೆ ಒಂದೇ. ಪೇಚು ಬರುವುದು ಕಿಡಿಯಲ್ಲಿ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ದಿಕ್ಕು ಬದಲಾದರೆ ಆ ‘ಮೊದಲು’ ಎಂಬುದು ‘ಆಮೇಲೆ’ ಆಗಿಬಿಡುತ್ತದೆ. ಅದಕ್ಕೇ ಇಲ್ಲಿ ಕಿಡಿ ಹಾರುವ ಹೊತ್ತನ್ನು ನಿರ್ಧರಿಸುವ ಪಾಯಿಂಟುಗಳು ಎರಡು ಜೊತೆ ಇವೆ, ಮುಂದಕ್ಕೆ ಒಂದು, ಹಿಂದಕ್ಕೆ ಒಂದು. ಎಂಜಿನ್ ತಿರುಗಿಸುವುದು ಡೈನಾಸ್ಟಾರ್ಟ್, ಅಂದರೆ ಸ್ಟಾರ್ಟರೂ ಡೈನಮೋವೂ ಒಂದೇ ಆಗಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ತುದಿಯಲ್ಲೇ ಕೂತ ಯಂತ್ರ.

ಓಡಿಸುವ ಕ್ರಮ ಹೀಗೆ: ಗಾಡಿ ಪೂರ್ತಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅದು ತಿರುಗುವುದು ನಿಂತಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಕೀಲಿಯನ್ನು ಮಾಮೂಲಿಗಿಂತ ಇನ್ನೂ ಒಳಕ್ಕೆ ಒತ್ತಿ ತಿರುಗಿಸಿದರೆ ಎಂಜಿನ್ ಉಲ್ಟಾ ಸ್ಟಾರ್ಟ್ ಆಗುತ್ತದೆ. ಒಂದನೇ ಗೇರು ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಲೆಕ್ಕಕ್ಕೆ ನಾಲ್ಕು ಗೇರುಗಳಲ್ಲೂ ಹಿಂದಕ್ಕೆ ಓಡಿಸಬಹುದು, ಆದರೆ ದಯವಿಟ್ಟು ಆ ಸಾಹಸ ಬೇಡ. ಇದರಲ್ಲಿ ಸ್ಟೀರಿಂಗ್ ಚಕ್ರದ ಬದಲು ಒಂದು ಬಾರ್ ಇದೆ, ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಕೊಂಚವೇ ತಿರುಗುತ್ತದೆ. ಹಿಂದಕ್ಕೆ ವೇಗವಾಗಿ ಹೋಗುವಾಗ ಮೊಣಕೈ ಸ್ವಲ್ಪ ಅಲುಗಿದರೂ ಗಾಡಿ ಅಡ್ಡ ತಿರುಗುತ್ತದೆ.

ಈಗ ನಮ್ಮ ತಕರಾರಿಗೆ ಬರುತ್ತೇವೆ. ಸ್ಟಾರ್ಟ್ ಆಗದ ಕಾರು ಕೈಗೆ ಬಂದರೆ ಡೈನಾಸ್ಟಾರ್ಟ್ ತೆಗೆದು ಬೇರೆ ಸ್ಕೂಟರಿನ ಎಂಜಿನ್ ಕೂರಿಸುವುದು ಒಂದು ಚಾಳಿಯಾಗಿದೆ. ಹಾಗೆ ಮಾಡಿದ ದಿನವೇ ಕಾರು ರಿವರ್ಸ್ ಕಳೆದುಕೊಳ್ಳುತ್ತದೆ, ಆಮೇಲೆ ‘ಇದು ಹಿಂದಕ್ಕೆ ಹೋಗಲಾರದು’ ಎಂಬ ಮಾತು ನಿಜವೇ ಆಗುತ್ತದೆ. ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಮುಂದಕ್ಕೆ ಸ್ಟಾರ್ಟ್ ಆಗದಿದ್ದರೆ ಹಿಂದಕ್ಕೆ ಮಾಡಿ ನೋಡಿ. ಹಿಂದಕ್ಕೆ ಚೆನ್ನಾಗಿ ಓಡಿದರೆ ಪೆಟ್ರೋಲು, ಕಾರ್ಬ್ಯುರೇಟರ್, ಕಂಪ್ರೆಶನ್ ಎಲ್ಲವೂ ಸರಿಯಿವೆ ಎಂದರ್ಥ. ದೋಷ ಇರುವುದು ಬಹುಮಟ್ಟಿಗೆ ಮುಂದಕ್ಕೆ ಓಡಿಸುವ ಪಾಯಿಂಟು, ಅದರ ವೈರು ಅಥವಾ ಕೀಲಿಯ ಸ್ವಿಚ್ಚಿನಲ್ಲಿ. ಬೇರೆ ಯಾವ ಕಾರೂ ತನ್ನ ರೋಗವನ್ನು ಇಷ್ಟು ಸಲೀಸಾಗಿ ಹೇಳುವುದಿಲ್ಲ!

ಎರಡು ದಿಕ್ಕಿಗೂ ಸ್ಟಾರ್ಟರ್ ತಿರುಗಲು ಸೋತರೆ ಮೊದಲು ಬ್ಯಾಟರಿ ನೋಡಿ. 6 ವೋಲ್ಟಿನ ಎರಡು ಬ್ಯಾಟರಿ ಸೇರಿ 12 ವೋಲ್ಟ್. ಒಂದು ಹಳೆಯದು, ಒಂದು ಹೊಸದು ಹಾಕಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ, ಬದಲಿಸುವುದಾದರೆ ಜೊತೆಯಾಗಿಯೇ ಬದಲಿಸಿ. ನಂತರ ಅರ್ಥ್ ವೈರು: ಬಣ್ಣ ಬಳಿದ ಲೋಹದ ಮೇಲೆ ಬೋಲ್ಟ್ ಮಾಡಿದ್ದರೆ ಅಷ್ಟು ಜಾಗ ಉಜ್ಜಿ ಹೊಳಪು ಬರಿಸಿ ಕೂರಿಸಿ. ಅದಾದ ಮೇಲೆ ಡೈನಾಸ್ಟಾರ್ಟಿಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್‌ಗಳು. ಅವು ತಮ್ಮ ಗೂಡಿನೊಳಗೆ ಸಲೀಸಾಗಿ ಜಾರಬೇಕು. ಎಣ್ಣೆ ಬೆರೆತ ಕಾರ್ಬನ್ ಪುಡಿ ಅಂಟಿಕೊಂಡಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿದೆ ಎಂದು ತಿಳಿಯಿರಿ. ಆ ಸೀಲ್ ಎಣ್ಣೆ ಬಿಟ್ಟಷ್ಟಕ್ಕೆ ಸುಮ್ಮನಿರುವುದಿಲ್ಲ, ಹೊರಗಿನ ಗಾಳಿಯನ್ನೂ ಒಳಗೆಳೆಯುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಕಾಯುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಕಚ್ಚಿಕೊಂಡು ನಿಲ್ಲುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ಇಳಿಯದೆ ಗುಯ್ಗುಡುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಡೈನಾಸ್ಟಾರ್ಟ್ ಕಳಚಲೇಬೇಕಾಗಿ ಬಂದರೆ ಪುಲ್ಲರ್ (ಎಳೆದು ಬಿಡಿಸುವ ಸಾಧನ) ಬಳಸಿ. ಸುತ್ತಿಗೆ ಬೇಡವೇ ಬೇಡ. ಇದರ ಕ್ರ್ಯಾಂಕ್ ಬಿಡಿ ತುಂಡುಗಳನ್ನು ಒತ್ತಿ ಜೋಡಿಸಿದ್ದು, ತುದಿಗೆ ಒಂದು ಪೆಟ್ಟು ಬಿದ್ದರೂ ಸಾಲು ತಪ್ಪುತ್ತದೆ. ಪಾಯಿಂಟ್ ತೆರೆದಾಗಿನ ಸಂದು, ಅಂದರೆ ಗ್ಯಾಪ್, 0.4 ಮಿ.ಮೀ. ಇರಬೇಕು, ಎರಡೂ ಜೊತೆಯನ್ನು ಬೇರೆ ಬೇರೆಯಾಗಿ ಸಂದು ಅಳೆಯುವ ಫೀಲರ್ ಗೇಜಿನಿಂದ ನೋಡಿ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್, ಅಂದರೆ ಕಿಡಿಯ ಹೊತ್ತು, ಬೇಗವಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಈ ಕ್ರಮ ತಿರುವುಮುರುವಾದರೆ ಮಾಡಿದ ಕೆಲಸ ಮತ್ತೆ ಮಾಡಬೇಕು.

ಪೆಟ್ರೋಲಿಗೆ ಆಯಿಲ್ 25ಕ್ಕೆ 1. ಲೀಟರಿಗೆ 40 ಮಿ.ಲೀ., 5 ಲೀಟರಿಗೆ 200 ಮಿ.ಲೀ. ಹೊಗೆ ಜಾಸ್ತಿ ಎಂದು ಆಯಿಲ್ ಕಡಿಮೆ ಮಾಡಬೇಡಿ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಜಾರಿಸಿಕೊಂಡು ಹೋದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಒಳಗೆ ಪೆಟ್ರೋಲ್ ಹೋಗುವುದು ತೀರ ಕಡಿಮೆ, ಅದರ ಜೊತೆಗೇ ಬರಬೇಕಾದ ಆಯಿಲೂ ಅಷ್ಟೇ ಕಡಿಮೆ. ಆಗಾಗ ಕ್ಲಚ್ ಒತ್ತಿ ಆಕ್ಸಿಲರೇಟರ್ ಕೊಂಚ ಒತ್ತಿ ಬಿಡಿ.

ಗೇರ್ ಸಿಕ್ಕುವುದೇ ಇಲ್ಲ ಎಂಬ ದೂರು ಬಹಳ ಸಲ ಬರಿಯ ಗೊಂದಲ. ಗೇರ್ ಲಿವರಿಗೆ ಅಂಟಿದ ಒಂದು ಪುಟ್ಟ ಲಿವರ್ ಇದೆ. ಅದನ್ನು ಒತ್ತಿದರೆ ಯಾವ ಗೇರಿನಿಂದಲಾದರೂ ನೇರ ನ್ಯೂಟ್ರಲ್. ಅದನ್ನು ಬಿಡಿಸುವ ತನಕ ಬೇರೆ ಗೇರು ಬೀಳುವುದಿಲ್ಲ, ಬಿಡಿಸಿದಾಗ ಗಾಡಿ ಮೊದಲಿದ್ದ ಗೇರಿನಲ್ಲೇ ಇರುತ್ತದೆ. ಗೇರ್‌ಬಾಕ್ಸ್ ಬಿಚ್ಚುವ ಮೊದಲು ಇದನ್ನು ನೋಡಿ.

ಮೂರು ಚಕ್ರವಾದ್ದರಿಂದ ಮಗುಚುತ್ತದೆ ಎಂಬ ಭಯಕ್ಕೆ ಇಲ್ಲಿ ಅಷ್ಟು ಆಧಾರವಿಲ್ಲ. ತಿರುವಿನಲ್ಲಿ ಬ್ರೇಕ್ ಹಾಕಿದರೆ ಭಾರ ಮುಂದಿನ ಹೊರಮೂಲೆಗೆ ಸರಿಯುತ್ತದೆ. ಮುಂದೆ ಒಂದೇ ಚಕ್ರವಿರುವ ಗಾಡಿಯಲ್ಲಿ ಆ ಮೂಲೆ ಖಾಲಿ, ಇದರಲ್ಲಿ ಅಲ್ಲೊಂದು ಚಕ್ರವಿದೆ. ಇಬ್ಬರೂ ನಡುಗೆರೆಯಲ್ಲಿ, ತಗ್ಗಿನಲ್ಲಿ ಕೂರುತ್ತಾರೆ. ಆದರೆ ಬ್ರೇಕ್ ಕೇಬಲ್ಲಿನದು. ಮುಂದಿನ ಎರಡು ಚಕ್ರ ಒಟ್ಟಿಗೆ ಹಿಡಿಯದಿದ್ದರೆ ಬಾರ್ ಕೈಯಲ್ಲೇ ಒಂದು ಕಡೆಗೆ ಸೆಳೆಯುತ್ತದೆ. ಮುಂಭಾಗ ಎತ್ತಿ ನಿಲ್ಲಿಸಿ, ಒಬ್ಬರು ಪೆಡಲ್ ಸ್ವಲ್ಪ ಸ್ವಲ್ಪವೇ ಒತ್ತಲಿ, ಇನ್ನೊಬ್ಬರು ಎರಡೂ ಚಕ್ರ ಕೈಯಲ್ಲಿ ತಿರುಗಿಸಿ ನೋಡಲಿ. ಬೇಗ ಹಿಡಿಯುವುದನ್ನು ಸಡಿಲಿಸಿ, ಎರಡೂ ಒಂದೇ ಹಂತದಲ್ಲಿ ಬಿಗಿಯಾಗುವ ತನಕ. ಎಷ್ಟು ಹೊಂದಿಸಿದರೂ ಸರಿಹೋಗದಿದ್ದರೆ ಕೇಬಲ್ಲಿನ ಹೊರಕೊಳವೆಯ ಒಳಗೆ ತುಕ್ಕಿರಬಹುದು, ಹೊಸದೇ ಹಾಕಬೇಕು.

ಗುಮ್ಮಟ ಗಾಜಲ್ಲ, ಪರ್ಸ್ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಪೆಟ್ರೋಲ್, ಥಿನ್ನರ್ ತಾಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಧೂಳೇ ಗೀರು ಎಳೆಯುತ್ತದೆ. ಮೊದಲು ನೀರು ಹೊಯ್ದು ಧೂಳು ಇಳಿಸಿ, ಸೋಪಿನ ನೀರಲ್ಲಿ ಮೆತ್ತಗಿನ ಬಟ್ಟೆ ಅದ್ದಿ ತೊಳೆಯಿರಿ.

ಚಿತ್ರವನ್ನು ಮತ್ತೆ ಎಲ್ಲಾದರೂ ಬಳಸುವುದಾದರೆ ಕೆಳಗಿನ ಸಾಲಿನಲ್ಲಿ ‘ರಿವರ್ಸ್ ಗೇರ್ ಇಲ್ಲ, ಎಂಜಿನ್ ಉಲ್ಟಾ ತಿರುಗಿಸಿ ಹಿಂದಕ್ಕೆ ಹೋಗುತ್ತದೆ’ ಎಂದು ತಿದ್ದಿ ಹಾಕಬೇಕೆಂದು ಕೋರುತ್ತೇವೆ.

ಇತಿ,
ಹಳೆಯ ವಾಹನಗಳ ದುರಸ್ತಿ ಬಲ್ಲ ಇಬ್ಬರು ಓದುಗರು