ರೀಮೇಕ್ ಮಾಡಿ, ಆಟ ಮಾತ್ರ ನಮ್ಮದಿರಲಿ

ಮಾನ್ಯ ಸಂಪಾದಕರೇ,

ರೀಮೇಕ್ ಅಂದರೆ ಬರೀ ಸೋಮಾರಿತನ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಎಲ್ಲಾ ರೀಮೇಕಿಗೂ ಈ ಮಾತು ಒಪ್ಪುವುದಿಲ್ಲ. ಆಟದ ಸುತ್ತ ಹೆಣೆದ ನಗೆ ಚಿತ್ರಗಳಿಗಂತೂ ಇಲ್ಲವೇ ಇಲ್ಲ.

ಆಮಿರ್ ಖಾನ್ ಅವರ ‘ಸಿತಾರೆ ಜಮೀನ್ ಪರ್’ ಚಿತ್ರವನ್ನೇ ನೋಡಿ. ಇದರ ಮೂಲ 2018ರ ಸ್ಪ್ಯಾನಿಷ್ ಚಿತ್ರ ‘ಕ್ಯಾಂಪಿಯೋನೆಸ್’. ಸ್ಪೇನಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಗೋಯಾ ಅದಕ್ಕೆ ಬಂದಿತ್ತು. 2023ರಲ್ಲಿ ಹಾಲಿವುಡ್‌ನವರು ಅದನ್ನೇ ‘ಚಾಂಪಿಯನ್ಸ್’ ಮಾಡಿದರು. 2025ರಲ್ಲಿ ಹಿಂದಿಗೆ ಬಂತು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ಬಾಸ್ಕೆಟ್‌ಬಾಲ್ ಕೋಚ್, ಅವನಿಗೆ ಕೋರ್ಟು ಕೊಡುವ ವಿಚಿತ್ರ ಶಿಕ್ಷೆ, ಬೌದ್ಧಿಕ ಅಂಗವೈಕಲ್ಯ ಇರುವವರ ತಂಡಕ್ಕೆ ಆಟ ಕಲಿಸುವ ಪಾಡು. ಕಥೆ ಅದೇ. ಸ್ನಾನ ಅಂದರೆ ಓಡುವ ಆಟಗಾರ ಕೂಡ ಮೂರರಲ್ಲೂ ಇದ್ದಾನೆ!

ಮತ್ತೆ ಯಾಕೆ ನೋಡಬೇಕು? ನಮ್ಮ ಮಲೆನಾಡಿನವರು ಈ ಪ್ರಶ್ನೆ ಕೇಳಬಾರದು. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಇವತ್ತಿನ ಕೀಚಕ ಹೇಗೆ ಬರುತ್ತಾನೆ ಅಂತ ನೋಡೋಕೆ ನಿದ್ದೆಗೆಟ್ಟು ಕೂರುತ್ತೇವೆ. ಹೆಗ್ಗೋಡಿನ ನೀನಾಸಂನವರು ಶೇಕ್ಸ್‌ಪಿಯರ್‌ನನ್ನು ಊರೂರಿಗೆ ಹೊತ್ತು ತಂದಾಗ ಯಾರೂ ಅದನ್ನು ಸೋಮಾರಿತನ ಅನ್ನಲಿಲ್ಲ.

ಆ ಹಿಂದಿ ಚಿತ್ರ 2025ರ ಆಗಸ್ಟ್ 1ರಂದು ಯೂಟ್ಯೂಬಿಗೆ ಬಂತು, ನೂರು ರೂಪಾಯಿಗೆ. ಹೊರಗೆ ಕಾಲಿಡಲಾಗದ ಮಳೆ. ಮನೆಮಂದಿಯೆಲ್ಲ ಕೂತು ನೋಡಿದೆವು. ದೊಡ್ಡಮ್ಮನಿಗೆ ಹಿಂದಿ ಬರುವುದಿಲ್ಲ. ಹಲಸಿನ ಹಪ್ಪಳ ಮುರಿಯುತ್ತಾ ಅರ್ಧ ಸಿನಿಮಾ ಸುಮ್ಮನಿದ್ದವರು, ‘ಆ ಹುಡುಗರೆಲ್ಲ ಸರಿ ಇದಾರೆ ಮಾರಾಯ, ಬುದ್ಧಿ ಕಲೀಬೇಕಾದ್ದು ಈ ಕೋಚು’ ಅಂದರು. ಈ ಕಥೆಯ ಗುಟ್ಟೇ ಅದು. ಇಲ್ಲಿ ನಗು ತಂಡದ ಮೇಲಲ್ಲ, ಎಲ್ಲ ತನಗೇ ಗೊತ್ತು ಅಂದುಕೊಂಡ ಕೋಚ್ ಮೇಲೆ. ಆಟಗಾರರ ಪಾತ್ರಕ್ಕೆ ಅಂಥದೇ ಅಂಗವೈಕಲ್ಯ ಇರುವವರನ್ನೇ ಹಾಕಿಕೊಂಡಿದ್ದಾರೆ. ಹಿಂದಿಯಲ್ಲಿ ಅಂಥ ಹತ್ತು ಕಲಾವಿದರಿದ್ದಾರೆ. ಅವರ ನಡಿಗೆ, ಮಾತು, ತುಂಟತನ ಅವರವರದೇ. ಅದನ್ನು ಕಾಪಿ ಹೊಡೆಯೋಕೆ ಆಗಲ್ಲ. ತೊದಲುವವರನ್ನು, ಕಿವಿ ಕೇಳದವರನ್ನು ಆಡಿಕೊಂಡು ನಗಿಸುವ ನಮ್ಮ ಕಾಮಿಡಿ ಟ್ರ್ಯಾಕ್‌ಗಳನ್ನು ನೆನೆದರೆ ನಾಚಿಕೆಯಾಗುತ್ತದೆ.

ನನಗೆ ಹಿಡಿಸದ್ದೂ ಒಂದಿದೆ. ಹಿಂದಿಯವರು ಬಾಸ್ಕೆಟ್‌ಬಾಲನ್ನು ಹಾಗೇ ಇಟ್ಟುಕೊಂಡರು. ನಮ್ಮ ಎಷ್ಟು ಊರುಗಳಲ್ಲಿ ಆ ಆಟ ಆಡುತ್ತಾರೆ ಹೇಳಿ? ಜೈಲಿನ ಕೈದಿಗಳೂ ಕಾವಲಿನವರೂ ಪಂದ್ಯಕ್ಕಿಳಿಯುವ ‘ದಿ ಲಾಂಗೆಸ್ಟ್ ಯಾರ್ಡ್’ 1974ರ ಅಮೆರಿಕನ್ ಚಿತ್ರ. ಅಲ್ಲಿದ್ದದ್ದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 2001ರಲ್ಲಿ ಬ್ರಿಟನ್ನಿನವರು ಅದನ್ನು ‘ಮೀನ್ ಮೆಷಿನ್’ ಅಂತ ಮಾಡುವಾಗ ಆಟವನ್ನೇ ಬದಲಿಸಿ ತಮ್ಮ ಫುಟ್‌ಬಾಲ್ ತಂದರು. ರೀಮೇಕ್ ಮಾಡೋದಾದರೆ ಅಷ್ಟಾದರೂ ಮಾಡಬೇಕು, ಅಲ್ವಾ?

ಕನ್ನಡದವರಿಗೆ ಆಟಕ್ಕೇನು ಬರ? ಕೊಯ್ಲಾದ ಗದ್ದೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ನಡೆಯುತ್ತದೆ. ಮಳೆಗಾಲದಲ್ಲಿ ಕೆಸರುಗದ್ದೆಯ ಹಗ್ಗಜಗ್ಗಾಟ. ಮೈಕ್ ಹಿಡಿದವನ ಬಾಯಿಗೆ ಬೀಗವೇ ಇರುವುದಿಲ್ಲ. ‘ಕೆಂಪು ಬನಿಯನ್ನಿನವರೇ, ರೈಡ್ ಆಮೇಲೆ ಮಾಡಿ, ಮನೆಯವರು ಹುಡುಕ್ತಿದಾರೆ’ ಅಂದರೆ ಇಡೀ ಗದ್ದೆಯೇ ನಗುತ್ತದೆ. ಅವನೊಬ್ಬ ಸಾಕು, ಅರ್ಧ ಚಿತ್ರಕಥೆ ಬರೆದ ಹಾಗೆ.

ಯಾರಾದರೂ ನಿರ್ದೇಶಕರು ಕೈ ಹಾಕುವುದಾದರೆ ಇನ್ನೊಂದು ಮಾತು. ಸಿನಿಮಾ ನೋಡದವರು ಕ್ಷಮಿಸಿ, ಮೂಲ ಚಿತ್ರದಲ್ಲಿ ಆ ತಂಡ ಫೈನಲ್ ಸೋಲುತ್ತದೆ, ಸೋತೂ ಕುಣಿಯುತ್ತದೆ. ನಮ್ಮವರು ಅಲ್ಲಿ ಕೈಯಾಡಿಸಿ, ಹೀರೋ ಕೈಗೆ ಕಪ್ ಕೊಟ್ಟು ಸ್ಲೋ ಮೋಷನ್‌ನಲ್ಲಿ ಓಡಿಸದಿದ್ದರೆ ಅಷ್ಟೇ ಸಾಕು.

ಇಂತಿ,
ನಿಮ್ಮ ಓದುಗ, ಸಾಗರ