ಮಹಾಸಭೆಯ ನೋಟೀಸು ಸ್ಪ್ಯಾಮಿಗೆ ಬೀಳುವುದೇಕೆ?

ಮಾನ್ಯ ಸಂಪಾದಕರೆ,

ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಸಹಕಾರಿ ಸಂಘ, ದೇವಸ್ಥಾನ, ಶಾಲೆಗಳು ರಸೀದಿ, ಒಟಿಪಿ, ಮಹಾಸಭೆಯ ನೋಟೀಸುಗಳನ್ನು ಈಗ ಈಮೇಲಿನಲ್ಲೇ ಕಳುಹಿಸತೊಡಗಿವೆ. ಮನೆಗೊಬ್ಬರು ಬೆಂಗಳೂರಲ್ಲೋ ಕೊಲ್ಲಿಯಲ್ಲೋ ಇರುವ ಊರುಗಳಿಗೆ ಇದು ಅನುಕೂಲವೇ. ಆದರೆ ‘ನೋಟೀಸು ಬಂದಿಲ್ಲ’ ಎಂದು ಯಾರಾದರೂ ಕೇಳಿದರೆ ಕಚೇರಿಯಲ್ಲಿ ಸಿಗುವ ಉತ್ತರ ಒಂದೇ: ‘ನಾವು ಕಳುಹಿಸಿದ್ದೇವೆ, ಸ್ಪ್ಯಾಮ್ ನೋಡಿ.’ ಈ ಉತ್ತರವನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಪತ್ರ ಸ್ಪ್ಯಾಮಿಗೆ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಕಳುಹಿಸಿದವರ ಕಡೆಯೇ ಇರುತ್ತದೆ. ಸಾಫ್ಟ್‌ವೇರ್ ಮಾಡಿಕೊಟ್ಟವರು ಮನಸ್ಸು ಮಾಡಿದರೆ ಒಂದೆರಡು ದಿನದಲ್ಲಿ ಸರಿಪಡಿಸಬಹುದಾದ ಕಾರಣಗಳೇ ಅವು.

ಹೆಚ್ಚಿನ ಕಡೆ ಕಚೇರಿಯ ಜಿಮೇಲ್ ಖಾತೆಯನ್ನೇ ಸಾಫ್ಟ್‌ವೇರಿಗೆ ಜೋಡಿಸಿರುತ್ತಾರೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದರೆ ಅದು ಕೆಲಸ ಮಾಡುತ್ತದೆ, ನಿಜ. ಆದರೆ ಉಚಿತ ಜಿಮೇಲಿಗೆ ದಿನಕ್ಕೆ 500 ವಿಳಾಸಗಳ ಮಿತಿ ಇದೆ. 900 ಸದಸ್ಯರ ಸಂಘದಲ್ಲಿ ಪಟ್ಟಿಯ ಕೊನೆಯ 400 ಜನರಿಗೆ ಆ ದಿನ ಏನೂ ಹೋಗುವುದಿಲ್ಲ. ಸ್ವಂತ ಸರ್ವರಿನಿಂದಲೇ ನೇರ ಕಳುಹಿಸೋಣವೆಂದರೆ ಸರ್ವರುಗಳು ಪರಸ್ಪರ ಪತ್ರ ಸಾಗಿಸುವ 25ನೇ ಪೋರ್ಟನ್ನು (ಸಂಪರ್ಕದ ಬಾಗಿಲು) ಅಮೆಜಾನ್, ಗೂಗಲ್, ಅಜೂರ್ ಮೂರೂ ಕ್ಲೌಡ್‌ಗಳು ಮೊದಲೇ ಮುಚ್ಚಿಯೋ ಬಿಗಿಮಾಡಿಯೋ ಇಟ್ಟಿರುತ್ತವೆ. ಹಾಗಾಗಿ ಉಳಿಯುವ ದಾರಿ ಕ್ಲೌಡ್ ಈಮೇಲ್ ಸೇವೆ: ಅಮೆಜಾನ್ ಎಸ್‌ಇಎಸ್, ಸೆಂಡ್‌ಗ್ರಿಡ್, ಮೇಲ್‌ಗನ್ ಮುಂತಾದವು. ಎಸ್‌ಇಎಸ್ ಮುಂಬೈ ಕೇಂದ್ರದಿಂದಲೂ ಸಿಗುತ್ತದೆ. ದರ ಸಾವಿರ ಪತ್ರಕ್ಕೆ 10 ಅಮೆರಿಕನ್ ಸೆಂಟ್, ಎಂದರೆ ಹತ್ತು ರೂಪಾಯಿಯ ಆಸುಪಾಸು. ಮುಂದಿನ ವಿವರಗಳಿಗೆ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ.

ಹೊಸ ಖಾತೆ ಮೊದಲು ‘ಸ್ಯಾಂಡ್‌ಬಾಕ್ಸ್’ನಲ್ಲಿ ಇರುತ್ತದೆ. ದಿನಕ್ಕೆ 200 ಪತ್ರ, ಸೆಕೆಂಡಿಗೆ ಒಂದು, ಅದೂ ಮೊದಲೇ ದೃಢೀಕರಿಸಿದ ವಿಳಾಸಗಳಿಗೆ ಮಾತ್ರ. ಹೊರಬರಲು ಅರ್ಜಿ ಹಾಕಬೇಕು. ‘ನೋಟಿಫಿಕೇಶನ್ ಕಳುಹಿಸಲು’ ಎಂದಷ್ಟೇ ಗೀಚಿದರೆ ತಿರಸ್ಕೃತವಾಗುವ ಸಾಧ್ಯತೆಯೇ ಹೆಚ್ಚು. ವಿಳಾಸಗಳನ್ನು ಹೇಗೆ ಸಂಗ್ರಹಿಸಿದಿರಿ, ಯಾವ ಬಗೆಯ ಪತ್ರ, ತಿಂಗಳಿಗೆ ಎಷ್ಟು, ಮರಳಿ ಬಂದ ಪತ್ರಗಳನ್ನು ಏನು ಮಾಡುತ್ತೀರಿ ಎಂದು ನಾಲ್ಕು ಸಾಲು ಬಿಡಿಸಿ ಬರೆಯಿರಿ.

ಜೋಡಣೆಯಲ್ಲಿ ಎಡವುವ ಜಾಗಗಳು ಎಲ್ಲ ಕಡೆ ಒಂದೇ. ‘535’ ಎಂಬ ದೋಷ ಬಂದರೆ ಗುರುತಿನ ವಿವರ ತಪ್ಪಿದೆ. ಎಸ್‌ಇಎಸ್‌ನ ಎಸ್‌ಎಮ್‌ಟಿಪಿ (ಪತ್ರ ಕಳುಹಿಸುವ ಸಂಪರ್ಕದ) ಪಾಸ್‌ವರ್ಡ್ ಬೇರೆ, ಅಮೆಜಾನ್ ಖಾತೆಯ ರಹಸ್ಯ ಕೀಲಿ ಬೇರೆ. ಎರಡನೆಯದನ್ನು ತಂದು ಅಂಟಿಸಿದರೆ ನಡೆಯದು. ‘554, ವಿಳಾಸ ದೃಢೀಕೃತವಲ್ಲ’ ಎಂದು ಬಂದರೆ ಒಂದೋ ನೀವಿನ್ನೂ ಸ್ಯಾಂಡ್‌ಬಾಕ್ಸಿನಲ್ಲಿದ್ದೀರಿ, ಇಲ್ಲವೇ ಡೊಮೈನನ್ನು (ಸಂಘದ ಸ್ವಂತ ಅಂತರ್ಜಾಲ ಹೆಸರು) ಮುಂಬೈಯಲ್ಲಿ ದೃಢೀಕರಿಸಿ ಕೋಡಿನಲ್ಲಿ ಅಮೆರಿಕದ ಕೇಂದ್ರದ ಹೆಸರು ಬಿಟ್ಟಿದ್ದೀರಿ. ಏನೂ ಉತ್ತರ ಬಾರದೆ ಸುಮ್ಮನೆ ಕಾದು ಸಂಪರ್ಕ ಕಡಿದುಹೋದರೆ ಪೋರ್ಟ್ ನೋಡಿ. 25 ಇದ್ದಲ್ಲಿ 587 ಹಾಕಿ. ಪಾಸ್‌ವರ್ಡನ್ನು ಕೋಡಿನೊಳಗೆ ಬರೆದು ಗಿಟ್‌ಹಬ್‌ಗೆ ಏರಿಸುವುದು ಮಾತ್ರ ಬೇಡವೇ ಬೇಡ. ಅಂಥ ಕೀಲಿಗಳನ್ನು ಹುಡುಕುವುದಕ್ಕೆಂದೇ ಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ; ನಿಮ್ಮ ಸಂಘದ ಹೆಸರಿನಲ್ಲಿ ಲಾಟರಿ ಪತ್ರ ಹೊರಡುತ್ತದೆ.

ಇನ್ನು ಡೊಮೈನ್. ಯಾಹೂ, ಗೂಗಲ್ ಎರಡೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿವೆ. ಜಿಮೇಲಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ; ಪತ್ರ ನಿಜವಾಗಿ ಆ ಡೊಮೈನಿನದೇ ಎಂದು ತೋರಿಸುವ ಏರ್ಪಾಡುಗಳಿವು. ನಮ್ಮ ಸಂಘಗಳು ಅಷ್ಟು ಕಳುಹಿಸುವುದಿಲ್ಲ, ಆದರೂ ಮೂರನ್ನೂ ಮಾಡಿಡುವುದೇ ಲೇಸು. ಡಿಕಿಮ್ ಎಂದರೆ ಪ್ರತಿ ಪತ್ರಕ್ಕೂ ಬೀಳುವ ಡಿಜಿಟಲ್ ಮೊಹರು. ಎಸ್‌ಇಎಸ್ ಕೊಡುವ ಮೂರು ಸಿನೇಮ್ ದಾಖಲೆಗಳನ್ನು ಡೊಮೈನಿನ ಡಿಎನ್‌ಎಸ್‌ನಲ್ಲಿ (ಡೊಮೈನಿನ ದಾಖಲೆ ಪಟ್ಟಿಯಲ್ಲಿ) ಸೇರಿಸಿದರೆ ಮುಗಿಯಿತು. ಇಲ್ಲೊಂದು ಗುಂಡಿ ಇದೆ: ಅನೇಕ ಡೊಮೈನ್ ಕಂಪನಿಗಳ ಪುಟ ಹೆಸರಿನ ಕೊನೆಗೆ ಡೊಮೈನನ್ನು ತಾನೇ ಸೇರಿಸುತ್ತದೆ. ನೀವು ಪೂರ್ತಿ ಹೆಸರು ಅಂಟಿಸಿದರೆ ಡೊಮೈನ್ ಎರಡೆರಡು ಸಲ ಬಂದು, ಎಷ್ಟು ಕಾದರೂ ‘ಪೆಂಡಿಂಗ್’ ಹೋಗುವುದಿಲ್ಲ.

ಎಸ್‌ಪಿಎಫ್ ವಿಷಯದಲ್ಲಿ ಬಲ್ಲವರೂ ತಪ್ಪುತ್ತಾರೆ. ಡೊಮೈನಿನ ಹೆಸರಿನಲ್ಲಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂಬ ಪಟ್ಟಿ ಅದು. ಮುಖ್ಯ ಡೊಮೈನಿನ ಎಸ್‌ಪಿಎಫ್ ಸಾಲಿಗೆ ಅಮೆಜಾನ್‌ನ ಹೆಸರು ಸೇರಿಸಿ ‘ಆಯಿತು’ ಎನ್ನುತ್ತಾರೆ. ಎಸ್‌ಪಿಎಫ್ ನೋಡುವುದು ಓದುಗರಿಗೆ ಕಾಣುವ ‘ಫ್ರಂ’ ವಿಳಾಸವನ್ನಲ್ಲ, ಲಕೋಟೆಯ ಮೇಲಿನ ‘ಮೇಲ್ ಫ್ರಂ’ ವಿಳಾಸವನ್ನು. ಎಸ್‌ಇಎಸ್‌ನಲ್ಲಿ ಅದು ತಾನಾಗಿ ಅಮೆಜಾನ್‌ನ ಡೊಮೈನೇ ಆಗಿರುತ್ತದೆ. ನಿಮ್ಮದೇ ಆಗಬೇಕಿದ್ದರೆ ಒಂದು ಉಪಡೊಮೈನ್ ಮಾಡಿ, ಅದಕ್ಕೊಂದು ಎಂಎಕ್ಸ್ ಮತ್ತು ಒಂದು ಟಿಎಕ್ಸ್‌ಟಿ ದಾಖಲೆ ಕೊಟ್ಟು ‘ಕಸ್ಟಮ್ ಮೇಲ್ ಫ್ರಂ’ ಎಂದು ಹೊಂದಿಸಬೇಕು. ಒಂದೇ ಹೆಸರಿಗೆ ಎರಡು ಎಸ್‌ಪಿಎಫ್ ಸಾಲು ಇದ್ದರೂ ಪರೀಕ್ಷೆ ಕೆಡುತ್ತದೆ, ಒಂದು ಸಾಲಿನೊಳಗೆ ಡಿಎನ್‌ಎಸ್ ಹುಡುಕಾಟ 10ಕ್ಕಿಂತ ಹೆಚ್ಚಾದರೂ ಕೆಡುತ್ತದೆ. ಡಿಕಿಮ್, ಎಸ್‌ಪಿಎಫ್ ಎರಡರಲ್ಲಿ ಒಂದೂ ‘ಫ್ರಂ’ ಡೊಮೈನಿಗೆ ಹೊಂದದ ಪತ್ರವನ್ನು ಏನು ಮಾಡಬೇಕೆಂಬ ನೀತಿಯೇ ಡಿಮಾರ್ಕ್. ಅದನ್ನು ಮೊದಲು ‘ನನ್’ (ಏನೂ ಮಾಡಬೇಡಿ) ಎಂದಿಟ್ಟು ಕೆಲವು ವಾರ ವರದಿ ನೋಡಿ, ಆಮೇಲೆ ‘ಕ್ವಾರಂಟೈನ್’ಗೆ (ಸ್ಪ್ಯಾಮಿಗೆ ಹಾಕಿ) ಏರಿಸಬಹುದು. ಕ್ಲೌಡ್ ಸೇವೆಯಿಂದ ಕಳುಹಿಸುತ್ತ ‘ಫ್ರಂ’ನಲ್ಲಿ ಮಾತ್ರ ಹಳೆಯ ಜಿಮೇಲ್ ವಿಳಾಸ ಉಳಿಸಿಕೊಂಡರೆ ಡಿಮಾರ್ಕ್ ಸೋತೇ ಸೋಲುತ್ತದೆ.

ಕನ್ನಡದಂಥ ಲಿಪಿಯಲ್ಲಿ ಪತ್ರ ಕಳುಹಿಸುವವರಿಗೆ ಬರುವ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನಿಂದ ಬರುವ ತಂತ್ರಜ್ಞರು ಇದನ್ನು ಗಮನಿಸುವುದೇ ಇಲ್ಲ. ‘ವಾರ್ಷಿಕ ಮಹಾಸಭೆಯ ನೋಟೀಸು’ ಎಂಬ ವಿಷಯ ಸಾಲನ್ನು ತೆಗೆದುಕೊಳ್ಳಿ. ಒತ್ತು, ಗುಣಿತ ಎಲ್ಲ ಬಿಡಿಯಾಗಿ ಎಣಿಸಿದರೆ 20 ಸಂಕೇತ, ಎರಡು ಖಾಲಿ ಜಾಗ. ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 62 ಬೈಟ್. ಈಮೇಲ್ ಹೆಡರಿಗೆ (ಪತ್ರದ ತಲೆಸಾಲುಗಳಿಗೆ) ಹೊಂದುವ ಇಂಗ್ಲಿಷ್ ಅಕ್ಷರಗಳ ರೂಪವಾದ ಬೇಸ್64ಕ್ಕೆ ತಿರುಗಿಸಿದರೆ 84 ಅಕ್ಷರ. ಈಮೇಲ್ ನಿಯಮದ ಪ್ರಕಾರ ಇಂಥ ಒಂದು ತುಂಡು 75 ಅಕ್ಷರ ಮೀರಬಾರದು. ಅದರಲ್ಲಿ 12 ಅಕ್ಷರ ಹಿಂದುಮುಂದಿನ ಗುರುತಿಗೇ ಹೋಗುತ್ತದೆ. ಉಳಿದ ಜಾಗದಲ್ಲಿ ಹಿಡಿಸುವುದು 45 ಬೈಟ್. ಕೈಯಲ್ಲೇ ಹೆಡರ್ ಕಟ್ಟುವ ಹಳೆಯ ಪಿಎಚ್‌ಪಿ ಕೋಡು ಕಣ್ಣುಮುಚ್ಚಿ 45ಕ್ಕೆ ಕತ್ತರಿ ಹಾಕಿದರೆ ಅದು ಬೀಳುವುದು ಸರಿಯಾಗಿ ‘ನೋಟೀಸು’ವಿನ ‘ನ’ದ ಮೇಲೆ: ಒಂದು ಬೈಟ್ ಆಚೆ, ಎರಡು ಈಚೆ. ‘ವಾರ್ಷಿಕ ಮಹಾಸಭೆಯ’ ಸರಿಯಾಗಿ ಬರುತ್ತದೆ, ಅದರ ಮುಂದೆ ಪ್ರಶ್ನಾರ್ಥಕದ ಕಪ್ಪು ವಜ್ರಗಳು, ಆಮೇಲೆ ದಿಕ್ಕಿಲ್ಲದ ಒಂದು ಓತ್ವ. ಮಲಯಾಳಕ್ಕೂ ಇದೇ ಲೆಕ್ಕ, ಅಲ್ಲಿಯೂ 3 ಬೈಟ್. ಎರಡೂ ಭಾಷೆಯನ್ನು ಒಂದೇ ವಿಷಯ ಸಾಲಿನಲ್ಲಿ ತುರುಕುವ ನಮ್ಮ ಜಿಲ್ಲೆಯ ಪದ್ಧತಿಯಲ್ಲಿ ಕತ್ತರಿ ಎರಡು ಮೂರು ಕಡೆ ಬೀಳುತ್ತದೆ. ಪರಿಹಾರ ಸುಲಭ: ಹೆಡರನ್ನು ಕೈಯಲ್ಲಿ ಕಟ್ಟಬೇಡಿ. ಪಿಎಚ್‌ಪಿಮೇಲರ್, ನೋಡ್‌ಮೇಲರ್, ಪೈಥಾನ್‌ನ ಈಮೇಲ್ ಲೈಬ್ರರಿಗೆ ಯುಟಿಎಫ್-8 ಎಂದು ಹೇಳಿ ಬಿಟ್ಟುಬಿಡಿ. ನುಡಿ, ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಟೈಪಾದ ನೋಟೀಸನ್ನು ಯೂನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಮಾತ್ರ ಯಾವ ಲೈಬ್ರರಿಯೂ ಕಾಪಾಡದು.

ಇಷ್ಟೆಲ್ಲ ಮಾಡಿದ ಮೇಲೂ ಸಂಘಗಳು ಸಿಕ್ಕಿಬೀಳುವುದು ಸದಸ್ಯರ ಪಟ್ಟಿಯಲ್ಲಿ. ಸದಸ್ಯತ್ವದ ಅರ್ಜಿಯಲ್ಲಿ ಪೆನ್ನಿನಿಂದ ಬರೆದ ವಿಳಾಸ, ಅದನ್ನು ಓದಿ ಟೈಪಿಸಿದ ಗುಮಾಸ್ತರ ಊಹೆ, ಯಾವುದೋ ಕಾಲದಲ್ಲಿ ಮಗ ಮಾಡಿಕೊಟ್ಟ ಖಾತೆ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ, ಹಾಗಾಗಿ ಹಳೆಯ ಪಟ್ಟಿಯಲ್ಲಿ ಸತ್ತ ವಿಳಾಸ ಇದ್ದೇ ಇರುತ್ತದೆ. ಅಂಥ ಪತ್ರ ಮರಳಿ ಬರುವುದಕ್ಕೆ ಬೌನ್ಸ್ ಎನ್ನುತ್ತಾರೆ. ಎಸ್‌ಇಎಸ್‌ನಲ್ಲಿ ಬೌನ್ಸ್ 5 ಶೇಕಡ ತಲುಪಿದರೆ ಖಾತೆ ಪರಿಶೀಲನೆಗೆ ಒಳಗಾಗಬಹುದು, 10 ಶೇಕಡಕ್ಕೆ ಕಳುಹಿಸುವುದನ್ನೇ ತಡೆಯಬಹುದು. ಸ್ಪ್ಯಾಮ್ ಎಂದು ಓದುಗರು ದೂರುವ ಪ್ರಮಾಣಕ್ಕೆ ಮಿತಿ ಇನ್ನೂ ಬಿಗಿ: 0.1 ಶೇಕಡಕ್ಕೆ ಪರಿಶೀಲನೆ, 0.5ಕ್ಕೆ ತಡೆ. 900 ಜನರ ಪಟ್ಟಿಯಲ್ಲಿ ಒಬ್ಬರು ‘ಸ್ಪ್ಯಾಮ್’ ಗುಂಡಿ ಒತ್ತಿದರೂ 0.11 ಶೇಕಡ ಆಯಿತು.

ಆದ್ದರಿಂದ ಬೌನ್ಸ್ ಮತ್ತು ದೂರಿನ ಸೂಚನೆಗಳು ಅಮೆಜಾನ್‌ನ ಸೂಚನಾ ಸೇವೆಯಾದ ಎಸ್‌ಎನ್‌ಎಸ್ ಮೂಲಕ ಸಾಫ್ಟ್‌ವೇರಿಗೆ ಮರಳಿ ಬರುವಂತೆ ಜೋಡಿಸಲೇಬೇಕು. ಕಾಯಂ ಬೌನ್ಸ್ ಆದ ವಿಳಾಸಕ್ಕೆ ಮತ್ತೆ ಕಳುಹಿಸಬಾರದು. ಆ ಸದಸ್ಯರ ಹೆಸರಿನ ಮುಂದೆ ಗುರುತು ಬಿದ್ದು, ಅವರಿಗೆ ಅಂಚೆಯಲ್ಲೋ ಫೋನಿನಲ್ಲೋ ತಿಳಿಸುವ ಪಟ್ಟಿ ಕಾರ್ಯದರ್ಶಿಯ ಮೇಜಿಗೆ ಬರಬೇಕು. ಪೆಟ್ಟಿಗೆ ತುಂಬಿದೆ ಎಂಬಂಥ ತಾತ್ಕಾಲಿಕ ಬೌನ್ಸಿಗೆ ಇಷ್ಟು ಗಡಿಬಿಡಿ ಬೇಡ. ಹಾಗೆಯೇ ಸರ್ವರಿನ ಉತ್ತರ 4ರಿಂದ ಶುರುವಾದರೆ ತಡೆದು ಮತ್ತೆ ಯತ್ನಿಸಬಹುದು, 5ರಿಂದ ಶುರುವಾದರೆ ನಿಲ್ಲಿಸಬೇಕು. ಮರುಯತ್ನಿಸುವಾಗ ರಸೀದಿ ಸಂಖ್ಯೆ ನೋಡಿ ಕಳುಹಿಸಿ, ಇಲ್ಲದಿದ್ದರೆ ಒಂದೇ ಪೂಜೆಗೆ ಮೂರು ರಸೀದಿ ಹೋಗುತ್ತದೆ. ಇದನ್ನೆಲ್ಲ ನಿಜವಾದ ಸದಸ್ಯರ ಮೇಲೆ ಪರೀಕ್ಷಿಸಬೇಕಿಲ್ಲ. ಬೌನ್ಸ್, ದೂರು, ಯಶಸ್ಸು ಮೂರಕ್ಕೂ ಎಸ್‌ಇಎಸ್ ‘ಮೇಲ್‌ಬಾಕ್ಸ್ ಸಿಮ್ಯುಲೇಟರ್’ ಎಂಬ ಸುಳ್ಳು ವಿಳಾಸಗಳನ್ನು ಕೊಟ್ಟಿದೆ. ಅಲ್ಲಿಗೆ ಕಳುಹಿಸಿದ್ದು ಖಾತೆಯ ಬೌನ್ಸ್ ಲೆಕ್ಕಕ್ಕೆ ಸೇರುವುದಿಲ್ಲ.

ಆಡಳಿತ ಮಂಡಳಿಯವರಿಗೆ ಈ ಪದಗಳೆಲ್ಲ ತಿಳಿದಿರಬೇಕೆಂದಿಲ್ಲ. ಸಾಫ್ಟ್‌ವೇರಿನವರ ಬಿಲ್ಲು ಪಾಸು ಮಾಡುವ ಮೊದಲು ಸಂಘದಿಂದ ಒಂದು ಪತ್ರವನ್ನು ಯಾವುದಾದರೂ ಜಿಮೇಲಿಗೆ ಕಳುಹಿಸಲು ಹೇಳಿ. ಮೊಬೈಲಿನ ಆ್ಯಪ್‌ನಲ್ಲಿ ಅಲ್ಲ, ಕಂಪ್ಯೂಟರಿನ ಬ್ರೌಸರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ. ಮೇಲ್ಗಡೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂದು ಮೂರು ಸಾಲು ಕಾಣುತ್ತದೆ. ಮೂರರ ಎದುರೂ ‘ಪಾಸ್’ ಎಂದಿರಬೇಕು, ಡಿಕಿಮ್ ಸಾಲಿನಲ್ಲಿ ಸಂಘದ ಸ್ವಂತ ಡೊಮೈನ್ ಇರಬೇಕು. ಆ ಪುಟದ ಪ್ರಿಂಟ್ ತೆಗೆದು ಬಿಲ್ಲಿಗೆ ಪಿನ್ ಮಾಡಿಡಿ.

– ಸಾಫ್ಟ್‌ವೇರ್ ಕೆಲಸದ ಇಬ್ಬರು ಓದುಗರು, ಬದಿಯಡ್ಕ